ಮೂರು ಚೀಲದ ಅಂತರ: ತಳಿಯದೋ, ನೆಲದ್ದೋ?



ತುಂಗಭದ್ರಾ ಎಡದಂಡೆ ಕಾಲುವೆಯಡಿ ಒಬ್ಬ ರೈತರು ಎರಡು ಭತ್ತದ ತಳಿ ಬೆಳೆದರೆನ್ನಿ. ಎಕರೆಗೆ ಸರಾಸರಿ ಹಳೆಯದು 40 ಚೀಲ, ಹೊಸದು 43. ಆದರೆ ಒಂದೇ ತಳಿಯು ಒಳ್ಳೆಯ ನೆಲದಲ್ಲಿ 45, ಸವಳು ನೆಲದಲ್ಲಿ 35 ಚೀಲ ಕೊಡುವುದಾದರೆ, ಈ ಮೂರು ಚೀಲ ತಳಿಯದೋ ನೆಲದ್ದೋ ತಿಳಿಯದು. ಆದ್ದರಿಂದ ಎರಡನ್ನೂ ಅಕ್ಕಪಕ್ಕದ ಹಲವು ಮಡಿಗಳಲ್ಲಿ, ಚೀಟಿ ಎತ್ತಿ ಹಂಚಿ, ಬೆಳೆದು ಹೋಲಿಸಬೇಕು.

ಪ್ರಯೋಗದ ಕೋಷ್ಟಕದ ಕೆಳಗಿನ 'ಸಿ.ಡಿ.', ಅಂದರೆ ನಿರ್ಣಾಯಕ ವ್ಯತ್ಯಾಸ, ಇದರ ಅಳತೆಗೋಲು. ಸರಾಸರಿಗಳ ಅಂತರ ಅದನ್ನು ಮೀರಿದರೆ 'ಗಮನಾರ್ಹ'. ಮೀರದಿದ್ದರೆ 'ಸಮ' ಎಂದಲ್ಲ, 'ಸಾಬೀತಾಗಿಲ್ಲ' ಎಂದರ್ಥ. ಶೇ. 5ರ ಮಟ್ಟದಲ್ಲಿ, ತಳಿಗಳು ಸಮವಿದ್ದರೂ 20 ಪ್ರಯೋಗಗಳಲ್ಲಿ ಒಮ್ಮೆ ಅಂಥ ಅಂತರ ಆಕಸ್ಮಿಕವಾಗಿ ಬಂದೀತು. ಒಂದೇ ಹಂಗಾಮು ನಂಬಬೇಡಿರಿ. ಖರ್ಚು ಕಳೆದು ಲಾಭ ಉಳಿದರಷ್ಟೇ ಬೀಜ ಬದಲಿಸಿರಿ.