ನಾಲ್ಕು ದಿನಗಳ ರಜೆ ಮತ್ತು ಬೆಟ್ಟದ ಲೆಕ್ಕ

(ವೈಟ್‌ಫೀಲ್ಡ್, ಪೀಣ್ಯ ಹಾಗೂ ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುತ್ತಿರುವ ಮಲೆನಾಡಿನ ತರುಣ ತರುಣಿಯರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ನೀರು, ಅಡಿಕೆಯ ಎಲೆಚುಕ್ಕಿ ರೋಗ, ಇವುಗಳ ಬಗ್ಗೆ ಮಾತನಾಡುವುದು ನನ್ನ ವೃತ್ತಿ. ನೀವು ಇಂದು ಕೊಟ್ಟಿರುವ ವಿಷಯ ‘ಸಣ್ಣ ರಜೆಯಲ್ಲಿ ದೇಶ ನೋಡುವುದು ಹೇಗೆ’ ಎಂಬುದು. ವಿಷಯ ಹಗುರವಾದದ್ದೆಂದು ಮೊದಲು ಅನಿಸಿತ್ತು. ನಿಮ್ಮಲ್ಲೊಬ್ಬರು ತೋರಿಸಿದ ಪ್ರವಾಸದ ಪಟ್ಟಿಯನ್ನು ನೋಡಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಗುರುವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ಮರಳುವ ಆ ಪಟ್ಟಿಯಲ್ಲಿ ದೆಹಲಿ, ಆಗ್ರಾ, ಜೈಪುರ, ಮನಾಲಿ ನಾಲ್ಕೂ ಇದ್ದವು.

ಮೊದಲು ಅದರ ಲೆಕ್ಕವನ್ನೇ ಮಾಡೋಣ. ನಮ್ಮ ದೇಶವು ಉತ್ತರದಿಂದ ದಕ್ಷಿಣಕ್ಕೆ 3,214 ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ 2,933 ಕಿಲೋಮೀಟರ್ ಹರಡಿದೆ. ಬೆಂಗಳೂರಿನಿಂದ ದೆಹಲಿಗೆ ರೈಲುಹಾದಿ ಸುಮಾರು 2,400 ಕಿಲೋಮೀಟರ್. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಒಂದೂವರೆ ದಿನಕ್ಕೂ ಹೆಚ್ಚು ಬೇಕು. ಹೋಗಿಬರುವುದರಲ್ಲೇ ಮೂರು ದಿನ ಮುಗಿಯಿತು. ವಿಮಾನದಲ್ಲಿ ಮೂರು ಗಂಟೆ ಸಾಲದೇ ಎಂದು ನೀವು ಕೇಳಬಹುದು. ಆದರೆ ಇಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ನಗರದ ಇನ್ನೊಂದು ತುದಿಯಲ್ಲಿದೆ. ಮನೆಯ ಬಾಗಿಲಿನಿಂದ ದೆಹಲಿಯ ವಸತಿಯ ಬಾಗಿಲಿನವರೆಗೆ ಎಣಿಸಿದರೆ ಏಳೆಂಟು ಗಂಟೆ ತಗಲುತ್ತದೆ. ದೆಹಲಿಯಿಂದ ಮನಾಲಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಒಂದು ರಾತ್ರಿಯೆಲ್ಲ ಬಸ್ಸಿನಲ್ಲೇ ಕಳೆಯಬೇಕು. ಇಷ್ಟೆಲ್ಲ ಓಡಿದ ಮೇಲೆ ಉಳಿಯುವುದು ಕಿಟಕಿಯ ನೋಟ ಮಾತ್ರ.

ನಾನೂ ಇಂಥ ತಪ್ಪನ್ನು ಮಾಡಿದ್ದೇನೆ. ವರ್ಷಗಳ ಹಿಂದೆ ದೆಹಲಿಯ ವಿಚಾರ ಸಂಕಿರಣವೊಂದು ಮುಗಿದ ಮೇಲೆ ಅಮ್ಮನನ್ನು ಆಗ್ರಾಕ್ಕೆ ಕರೆದೊಯ್ದೆ. ಅಂದು ಶುಕ್ರವಾರ. ತಾಜಮಹಲಿಗೆ ಶುಕ್ರವಾರ ವಾರದ ರಜೆ. ಮರುದಿನ ನಸುಕಿಗೇ ನಮ್ಮ ರೈಲು. “ಗದ್ದೆಗೆ ನೀರು ಬಿಡಬೇಕಾದರೂ ಸರದಿ ಕೇಳಿಕೊಂಡು ಹೋಗುವವರು ನಾವು. ಇಲ್ಲಿಗೆ ಮಾತ್ರ ಕೇಳದೆ ಬಂದೆವಲ್ಲ” ಎಂದರು ಅಮ್ಮ. ಆ ಮಾತು ಇಂದಿಗೂ ನೆನಪಿದೆ.

ಆತ್ಮೀಯರೇ, ಇಂಥದೇ ಪಟ್ಟಿಗಳು ಪ್ರತಿ ಶನಿವಾರ ನಮ್ಮ ಬೆಟ್ಟಗಳಿಗೂ ಬರುತ್ತವೆ. ಶುಕ್ರವಾರ ರಾತ್ರಿ ಈ ಬಡಾವಣೆಗಳಿಂದ ಹೊರಟ ವಾಹನಗಳು ಶನಿವಾರ ಬೆಳಗ್ಗೆ ಘಟ್ಟದ ದಾರಿಗಳನ್ನು ತುಂಬುತ್ತವೆ. ಒಂದೇ ದಿನದಲ್ಲಿ ಒಂದು ಶಿಖರ, ಎರಡು ಜಲಪಾತ, ಒಂದು ದೇವಸ್ಥಾನ. 2024ರ ಜನವರಿಯ ದೀರ್ಘ ವಾರಾಂತ್ಯದಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸೇರಿದ ಜನಸಂದಣಿಯನ್ನು ಕಂಡ ಮೇಲೆ, ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಲು ಸರ್ಕಾರ ಮುಂದಾಯಿತು.

ಮಣ್ಣಿನ ವಿದ್ಯಾರ್ಥಿಯಾಗಿ ಒಂದು ಮಾತು. ನಮ್ಮ ಕಡೆ ಹಲವೆಡೆ ಜಂಬಿಟ್ಟಿಗೆಯ ಗಟ್ಟಿ ಪದರದ ಕೆಳಗೆ ಮೆತ್ತನೆಯ ಶೇಡಿ ಮಣ್ಣಿದೆ. ದಿನಗಟ್ಟಲೆ ಮಳೆ ಸುರಿದಾಗ ಆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರಿನ ಬುಡವು ಮೇಲಿನ ಮಣ್ಣಿಗೆ ಆಸರೆ. ರಸ್ತೆ ಅಗಲಿಸಲು, ವಾಹನ ನಿಲ್ಲಿಸಲು, ರೆಸಾರ್ಟ್ ಕಟ್ಟಲು ಧರೆಯನ್ನು ನೆಟ್ಟಗೆ ಕಡಿದಾಗ ಆ ಆಸರೆ ಹೋಗುತ್ತದೆ. ಜೊತೆಗೆ ಸರಲನ್ನು ಮುಚ್ಚಿದರೆ ನೀರು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲೆಯ ಶಿರೂರು ಮತ್ತು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಂಡದ್ದನ್ನು ನಾವು ಮರೆಯುವಂತಿಲ್ಲ. ಇವಕ್ಕೆಲ್ಲ ಪ್ರವಾಸಿಗರೇ ಕಾರಣವೆಂದು ನಾನು ಹೇಳಲಾರೆ. ವಿಪರೀತ ಮಳೆ, ಹೆದ್ದಾರಿಯ ಕಾಮಗಾರಿ, ಭೂಬಳಕೆಯ ಬದಲಾವಣೆ ಹೀಗೆ ಒಂದೊಂದು ಕಡೆ ಒಂದೊಂದು ಬಗೆಯ ಕಾರಣಗಳಿವೆ. ಆದರೆ ಅವಸರದ ಪ್ರವಾಸಕ್ಕೆ ಅಗಲ ರಸ್ತೆ ಬೇಕು, ಅಗಲ ರಸ್ತೆಗೆ ಧರೆ ಕಡಿಯಬೇಕು. ಈ ಸಂಬಂಧವನ್ನು ಅಲ್ಲಗಳೆಯಲಾಗದು.

ಹಾಗಾದರೆ ಪ್ರವಾಸವೇ ಬೇಡವೇ? ನನ್ನ ಅಕ್ಕನ ಮನೆಯಲ್ಲಿಯೇ ಹೋಂಸ್ಟೇ ಇದೆ. ಕಾಳುಮೆಣಸು ಕೈಕೊಟ್ಟ ವರ್ಷ ಮನೆ ನಡೆದದ್ದು ಅದರಿಂದ. ಅವಳು ಹೇಳುವ ಮಾತು ಇಷ್ಟೇ: ಎರಡು ರಾತ್ರಿ ತಂಗಿದ ಒಂದು ಕುಟುಂಬ ಊಟಕ್ಕೆ, ಜೇನಿಗೆ, ದಾರಿ ತೋರಿಸುವ ಹುಡುಗನಿಗೆ ಹಣ ಕೊಡುತ್ತದೆ, ಗೇಟಿನ ಮುಂದೆ ಹಾದುಹೋಗುವ ನೂರು ಕಾರುಗಳು ಬಿಡುವುದು ಧೂಳು ಮತ್ತು ಪ್ಲಾಸ್ಟಿಕ್ ಬಾಟಲಿ. ನಾವು ಎಂತಹ ಅತಿಥಿಯನ್ನು ಬಯಸುತ್ತೇವೆಯೋ, ಬೇರೆ ಊರಿಗೆ ಹೋದಾಗ ಅಂತಹ ಅತಿಥಿಯೇ ಆಗಬೇಕು. ನಾನು ಇಂದು ಹೇಳಬೇಕೆಂದಿರುವುದು ಇದನ್ನೇ.

ಇನ್ನು ಕಾರ್ಯಯೋಜನೆ. ಮೊದಲನೆಯದಾಗಿ, ಸ್ಥಳಗಳನ್ನು ಎಣಿಸುವ ಮುನ್ನ ಗಂಟೆಗಳನ್ನು ಎಣಿಸಿರಿ. ಹೊರಡುವ ನಿಲ್ದಾಣವನ್ನು ನಿಮ್ಮ ವಾಸಕ್ಕೆ ತಕ್ಕಂತೆ ಆರಿಸಿರಿ: ಪೀಣ್ಯದವರಿಗೆ ಯಶವಂತಪುರ, ವೈಟ್‌ಫೀಲ್ಡಿನವರಿಗೆ ಕೃಷ್ಣರಾಜಪುರ ಅಥವಾ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಸಮೀಪ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಇದೆ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಮೆಜೆಸ್ಟಿಕ್ ತಲುಪಬಹುದು. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 120 ದಿನಗಳ ಬದಲು 60 ದಿನಗಳ ಮೊದಲಷ್ಟೇ ತೆರೆಯುತ್ತದೆ.

ಎರಡನೆಯದಾಗಿ, ಒಂದು ರಜೆಗೆ ಒಂದೇ ಸೀಮೆ. ಉದಾಹರಣೆಗೆ, ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಮರುಬೆಳಗ್ಗೆ ಬಾದಾಮಿ. ಅಲ್ಲಿಂದ ಪಟ್ಟದಕಲ್ಲು 22 ಕಿಲೋಮೀಟರ್, ಮುಂದೆ ಐಹೊಳೆ ಮತ್ತೆ 13 ಕಿಲೋಮೀಟರ್ ಆಸುಪಾಸು. ಸ್ಥಳೀಯ ಬಸ್ಸಿನಲ್ಲೇ ಓಡಾಡುತ್ತ, ರೊಟ್ಟಿ ಊಟ ಮಾಡುತ್ತ, ಚಾಲುಕ್ಯರ ಕೆತ್ತನೆಗಳನ್ನು ಮೂರು ದಿನ ನಿಧಾನವಾಗಿ ನೋಡಬಹುದು. ದೆಹಲಿಗೇ ಹೋಗಬೇಕೆಂದಿದ್ದರೆ ದೆಹಲಿ ಮತ್ತು ಆಗ್ರಾ ಸಾಕು. ಜೈಪುರವೂ ಮನಾಲಿಯೂ ಮುಂದಿನ ರಜೆಗಳಿಗಿರಲಿ.

ಮೂರನೆಯದಾಗಿ, ಕ್ಯಾಲೆಂಡರಿನ ಕೆಂಪು ಅಕ್ಷರಕ್ಕಿಂತ ಮಳೆಯನ್ನು ನೋಡಿರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಾದಾಮಿಯ ಮಳೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಡಿದಾದ ಬೆಟ್ಟಗಳನ್ನು ಅವುಗಳ ಪಾಡಿಗೆ ಬಿಟ್ಟು ಬಯಲುಸೀಮೆಗೆ ಹೋಗುವುದು ಪ್ರವಾಸಿಗೂ ಕ್ಷೇಮ, ಬೆಟ್ಟಕ್ಕೂ ಕ್ಷೇಮ.

ನಾಲ್ಕನೆಯದಾಗಿ, ಅಮ್ಮ ಹೇಳಿದಂತೆ ಕೇಳಿಕೊಂಡು ಹೋಗಿರಿ. ಊಟಿ, ಕೊಡೈಕೆನಾಲ್‌ಗಳಿಗೆ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಮನಾಲಿಯ ಮೇಲಿನ ರೋಹ್ತಂಗ್ ಕಣಿವೆಗೆ ಏರುವ ಪ್ರವಾಸಿ ವಾಹನಗಳಿಗೂ ಹಸಿರು ನ್ಯಾಯಮಂಡಳಿ ದಿನಕ್ಕಿಷ್ಟೆಂಬ ಮಿತಿ ಹಾಕಿತು. ಇವುಗಳನ್ನು ಅಡ್ಡಿಯೆಂದು ಎಣಿಸಬೇಡಿರಿ. ಕೆರೆಯ ನೀರಿಗೆ ಸರದಿ ಇರುವಂತೆ ಬೆಟ್ಟಕ್ಕೂ ಒಂದು ಸರದಿ.

ಕೊನೆಯದಾಗಿ ಒಂದು ವಿನಂತಿ. ಸೋಮವಾರ ಕೆಲಸಕ್ಕೆ ಹೋದಾಗ ನಿಮ್ಮ ಸಹೋದ್ಯೋಗಿಗಳು ‘ನಿಮ್ಮ ಕಡೆ ಎರಡು ದಿನದಲ್ಲಿ ಏನೇನು ನೋಡಬಹುದು’ ಎಂದು ಕೇಳಿಯೇ ಕೇಳುತ್ತಾರೆ. ಹತ್ತು ಹೆಸರುಗಳ ಪಟ್ಟಿ ಕೊಡಬೇಡಿರಿ. ಒಂದು ಊರಿನ ಹೆಸರು ಹೇಳಿರಿ, ಎರಡು ರಾತ್ರಿ ಇರಲು ಹೇಳಿರಿ. ನೀವು ಹೇಳುವ ಆ ಒಂದು ಮಾತು ನಮ್ಮ ಧರೆಗಳನ್ನು ಕಾಯುವ ಕೆಲಸದಲ್ಲಿ ಸೇರಲಿ ಎಂದು ಆಶಿಸುತ್ತೇನೆ.