ಕರಿಯ ಕಾಯಿಗಳ ಪ್ರತಿದಾಳಿ

ಚದುರಂಗದಲ್ಲಿ ಮೊದಲ ನಡೆ ಬಿಳಿಯ ಕಾಯಿಗಳದು. ಆದುದರಿಂದ ಕರಿಯ ಕಾಯಿಗಳವನು ಆತ್ಮರಕ್ಷಣೆಯಲ್ಲಿಯೇ ತೃಪ್ತನಾಗಬೇಕೆಂದು ಹಲವರು ಬಗೆಯುವರು. 1918ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯೂಬಾದ ಕಾಪಾಬ್ಲಾಂಕನನ್ನು ಎದುರಿಸಿದ ಅಮೆರಿಕದ ಫ್ರಾಂಕ್ ಮಾರ್ಷಲನು ಹಾಗೆ ಬಗೆಯಲಿಲ್ಲ. ಏಳನೆಯ ನಡೆಯಲ್ಲಿ ರಾಜನನ್ನು ಕೋಟೆಯೊಳಗಿರಿಸಿ, ಎಂಟನೆಯದರಲ್ಲಿ ಮಂತ್ರಿಯ ಮುಂದಣ ಪದಾತಿಯನ್ನು ಎರಡು ಮನೆ ಮುಂದೊತ್ತಿದನು. ಇದರಿಂದ ಒಂದು ಪದಾತಿ ನಷ್ಟ. ಆದರೆ ಬಿಳಿಯ ಮಂತ್ರಿಯ ಪಕ್ಕದ ಆನೆ, ಕುದುರೆ, ಒಂಟೆಗಳು ಇನ್ನೂ ಕದಲಿರಲಿಲ್ಲ. ಆ ಅವಕಾಶದಲ್ಲಿ ಕರಿಯ ಸೇನೆಯು ಬಿಳಿಯ ರಾಜನ ಮೇಲೆ ಕವಿಯಿತು.

ಕಾಪಾಬ್ಲಾಂಕನು ಧೃತಿಗೆಡದೆ ಒಂದೊಂದೇ ಪೆಟ್ಟನ್ನು ತಡೆದು 36 ನಡೆಗಳಲ್ಲಿ ಗೆದ್ದನು. ಸೋತುದು ಆಟ, ಉಪಾಯವಲ್ಲ. ಮುಂದೆ, ನಡುವಣ ಕುದುರೆಗೆ ಪದಾತಿಯೊಂದರ ಆಸರೆ ಕೊಟ್ಟು ಅದನ್ನು ಬಲಪಡಿಸಲಾಯಿತು. ಇಂದಿಗೂ ಪ್ರವೀಣರನೇಕರು ಬಿಳಿಯ ಕಾಯಿಗಳನ್ನು ಹಿಡಿದಾಗ ಆ ದಾರಿಯನ್ನು ಮೊದಲೇ ತಪ್ಪಿಸಿಕೊಳ್ಳುವರು.

ಪ್ರತಿದಾಳಿಯೆಂದರೆ ದುಡುಕಲ್ಲ: ಮೊದಲು ಮನೆ ಭದ್ರವಾಗಬೇಕು, ಆ ಬಳಿಕವೇ ತ್ಯಾಗ.