ಕುಂಭಕೋಣದ ಗ್ರಂಥ, ಮುಂಬಯಿಯ ಅಚ್ಚು

(ಶಾಖಾಮಠದ ಆರಾಧನಾ ಸಭೆಯಲ್ಲಿ ಮಾಡಿದ ಭಾಷಣ)



ನಾನು ಶಾಸ್ತ್ರಜ್ಞನಲ್ಲ; ರೈಲ್ವೆಯ ನಿವೃತ್ತ ಇಂಜಿನಿಯರು. ಆದ್ದರಿಂದ ಗ್ರಂಥದೊಳಗಿನ ವಿಷಯವನ್ನು ವಿದ್ವಾಂಸರಿಗೆ ಬಿಟ್ಟು, ಗ್ರಂಥವು ನಮ್ಮ ಮನೆಗಳಿಗೆ ಬಂದ ದಾರಿಯನ್ನು ಕುರಿತು ನಾಲ್ಕು ಮಾತು ವಿಜ್ಞಾಪಿಸುವೆನು.

ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರು ತಮ್ಮ ಮಧ್ವವಿಲಾಸ ಬುಕ್ ಡಿಪೋ ಮೂಲಕ ಮಧ್ವಶಾಸ್ತ್ರದ ಗ್ರಂಥಗಳನ್ನು ಪ್ರಕಟಿಸಿದರು. ಅವರ ಮಹಾಭಾರತದ ಸಂಪುಟಗಳು 1906ರಿಂದ ಹೊರಬಂದವು. ಪ್ರಕಾಶಕರು ಕಾವೇರೀತೀರದವರು, ಅಚ್ಚಾದುದು ಮಾತ್ರ ಇದೇ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ. ಜಾವಜಿ ದಾದಾಜಿಯವರು 1869ರಲ್ಲಿ ಸ್ಥಾಪಿಸಿದ ಆ ಮುದ್ರಣಾಲಯದ ನಾಗರೀ ಅಚ್ಚುಮೊಳೆಗಳ ಅಂದವೂ ಪಾಠಶುದ್ಧಿಯೂ ದೇಶವಿಖ್ಯಾತವಾಗಿದ್ದವು. ನಾಗರಿಯಲ್ಲಿದ್ದುದರಿಂದ ಕನ್ನಡ, ತಮಿಳು, ಮರಾಠಿ ನಾಡುಗಳ ಪಂಡಿತರೆಲ್ಲರಿಗೂ ಗ್ರಂಥವು ನಿಲುಕಿತು.

ಮುಂಬಯಿ, ಮದರಾಸುಗಳ ರೈಲುಮಾರ್ಗಗಳು 1871ರಲ್ಲಿ ನಮ್ಮ ರಾಯಚೂರಿನಲ್ಲಿ ಕೂಡಿದ್ದವು. ಕುಂಭಕೋಣದ ಮಾರ್ಗವಾದರೋ ಆಗ ಮೀಟರ್ ಗೇಜಾಗಿತ್ತು. ರೈಲಿನಲ್ಲಿ ಹೋದ ಪ್ರತಿಯೊಂದು ಕಟ್ಟೂ ನಡುದಾರಿಯಲ್ಲಿ ಇಳಿದು ಬೇರೆ ಗಾಡಿಯನ್ನೇರಲೇಬೇಕಾಗಿತ್ತು.

ಇಷ್ಟು ಶ್ರಮದ ಫಲವಾದ ಸಂಪುಟವೊಂದು ನಮ್ಮ ತೀರ್ಥರೂಪರಲ್ಲಿತ್ತು. ಮನೆ ಬದಲಿಸುವಾಗ ನಾನೇ ಅದನ್ನು ರದ್ದಿಗೆ ಹಾಕಿದೆನು. ಆ ತಪ್ಪಿನ ಪ್ರಾಯಶ್ಚಿತ್ತವಾಗಿ ಪ್ರಾರ್ಥಿಸುತ್ತೇನೆ: ಹಿರಿಯರ ಗ್ರಂಥಗಳನ್ನು ಎಸೆಯಬೇಡಿರಿ, ಓದಲಾಗದಿದ್ದರೆ ಮಠಕ್ಕೆ ತಂದು ಒಪ್ಪಿಸಿರಿ.

ಶ್ರೀಕೃಷ್ಣಾರ್ಪಣಮಸ್ತು.